ಗುಬ್ಬಿ ಮಾರ್ಕು, ಕುದುರೆ ಮಾರ್ಕು

ನಮ್ಮಣ್ಣ ನರಸಿಂಹಯ್ಯ ಹುಟ್ಟಿದಾರಭ್ಯ ಒಂದು ತೊಟ್ಟು ಕುಡಿದವನಲ್ಲ. ಆದರೆ ವೈನಿನ ರುಚಿಯ ಬಗ್ಗೆ ಅವನಷ್ಟು ಮಾತಾಡುವವರು ಇಡೀ ಗುಬ್ಬಿ ತಾಲ್ಲೂಕಿನಲ್ಲೇ ಇರಲಿಲ್ಲ. ಗುಬ್ಬಿ ಪೇಟೆಯಲ್ಲಿ ಅವನದು ಗ್ರಂಧಿಗೆ ಅಂಗಡಿ. ಅಳಲೆಕಾಯಿ, ಹಿಪ್ಪಲಿ, ಬಜೆ, ಮಕ್ಕಳಿಗೆ ತೇಯುವ ಬೇರು, ದೇವರಿಗೆ ಹಾಕುವ ಧೂಪ, ಇವುಗಳ ನಡುವೆ ಒಂದು ಗೂಡಿನ ತುಂಬ ಗುಬ್ಬಿ ಮಾರ್ಕಿನ ದ್ರಾಕ್ಷಿ ವೈನ್. ಅದನ್ನು ಯಾರೂ ಹೆಂಡದ ಲೆಕ್ಕಕ್ಕೆ ಸೇರಿಸುತ್ತಿರಲಿಲ್ಲ. ಹೆರಿಗೆಯಾದ ಹೆಂಗಸಿನ ಮೈ ಗಟ್ಟಿಯಾಗಲಿ, ಶೀತ ಹತ್ತದಿರಲಿ ಎಂದು ದಿನಕ್ಕೊಂದು ಒಳಲೆ ಕುಡಿಸುವುದು ನಮ್ಮ ಕಡೆಯ ಪದ್ಧತಿ. ಆದ್ದರಿಂದ ಅದು ಔಷಧ. ಬಾಣಂತಿ ಒಂದು ಒಳಲೆ ಕುಡಿದರೆ ಮಿಕ್ಕ ಬಾಟ್ಲಿಯನ್ನು ಅವಳ ಗಂಡ ಮುಗಿಸುತ್ತಿದ್ದ. ಅದೂ ಔಷಧವೇ.

ಬಾಟ್ಲಿಯ ಚೀಟಿಯ ಮೇಲೆ ದ್ರಾಕ್ಷಿ ಗೊಂಚಲಲ್ಲಿ ಕೂತ ಒಂದು ಗುಬ್ಬಿ. ಅದರ ಕೆಳಗೆ ಪೇಟ ಸುತ್ತಿದ, ನರೆತ ಮೀಸೆಯ ಒಬ್ಬ ಅಜ್ಜನ ಫೋಟೋ. ‘ಗುಬ್ಬಿಯ ಚಿಕ್ಕಬೋರಯ್ಯಜ್ಜನ ಕೈಗುಣ’ ಎಂದು ಬರೆದಿತ್ತು. ಈ ಅಜ್ಜನನ್ನು ಗುಬ್ಬಿಯಲ್ಲಿ ಕಣ್ಣಾರೆ ಕಂಡವರು ಒಬ್ಬರೂ ಇರಲಿಲ್ಲ. ಹಾಗೆಂದು ನೆಂಟಸ್ತನಕ್ಕೇನೂ ಕೊರತೆಯಾಗಲಿಲ್ಲ. ಒಬ್ಬರು ತಮ್ಮ ತಾತನ ದೊಡ್ಡಪ್ಪ ಎಂದರು, ಇನ್ನೊಬ್ಬರು ತಮ್ಮ ತೋಟದಲ್ಲೇ ಅವರು ಮೊದಲ ಬಳ್ಳಿ ನೆಟ್ಟದ್ದು ಎಂದರು. ನಮ್ಮಣ್ಣನಂತೂ ನಮ್ಮಜ್ಜಿಯ ಅಣ್ಣನೇ ಈ ಚಿಕ್ಕಬೋರಯ್ಯ ಎಂದು ಫೋಟೋಕ್ಕೆ ಕಟ್ಟು ಹಾಕಿಸಿ ಗಲ್ಲಾಪೆಟ್ಟಿಗೆಯ ಮೇಲೆ ನೇತುಹಾಕಿದ್ದ.

"ನಮ್ಮಜ್ಜಿಗೆ ಅಣ್ಣ ತಮ್ಮಂದಿರೇ ಇರಲಿಲ್ವಲ್ಲೋ ಅಣ್ಣ" ಎಂದೆ.

"ನಿನಗೇನೇ ಗೊತ್ತು ರಂಗಿ, ನೀನು ಮದುವೆಯಾಗಿ ತುಮಕೂರಿಗೆ ಹೋದೋಳು" ಎಂದ.

ಹೌದು, ನಾನು ರಂಗಲಕ್ಷ್ಮಮ್ಮ. ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಮನೆ, ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟರಿಕೆ. ದಡ್ಡರನ್ನು ಕಂಡರೆ ನನಗೆ ಕೋಪ ಬರುವುದಿಲ್ಲ, ಅದು ನನ್ನ ಕಸುಬು. ದಡ್ಡತನಕ್ಕೆ ಕಟ್ಟು ಹಾಕಿಸಿ ಹೂವು ಮುಡಿಸುವವರನ್ನು ಕಂಡರೆ ಮಾತ್ರ ಮೈ ಉರಿಯುತ್ತದೆ.

ಅಣ್ಣನ ಒಬ್ಬಳೇ ಮಗಳು ಗಂಗಲಕ್ಷ್ಮಿಯನ್ನು ಕುಣಿಗಲ್‌ಗೆ ಕೊಟ್ಟಿದ್ದೆವು. ಬೀಗರು ಸಿದ್ದಗಂಗಯ್ಯನವರದೂ ಬಸ್ ಸ್ಟಾಂಡಿನ ಹತ್ತಿರ ಅಂಥದ್ದೇ ಅಂಗಡಿ. ಅಲ್ಲಿ ನಡೆಯುತ್ತಿದ್ದುದು ಕುದುರೆ ಮಾರ್ಕು. ಊರಲ್ಲೇ ಕುದುರೆ ಫಾರಂ ಇರುವ ಕುಣಿಗಲ್ಲಿನವರಿಗೆ ಕುದುರೆಯೆಂದರೆ ಎದೆಯುಬ್ಬುತ್ತದೆ, ತಾವೇ ಹೆತ್ತಂತೆ. ಆ ಚೀಟಿಯಲ್ಲಿ ನೆಗೆಯುವ ಕುದುರೆ, ಕೆಳಗೆ ಎದೆಯುದ್ದ ಗಡ್ಡದ ಬೋಳುತಲೆಯ ವೈದ್ಯ, ‘ಕುಣಿಗಲ್ ದೊಡ್ಡಕೆರೆಯ ನೀರಿನ ಗುಣ’ ಎಂಬ ಬರಹ. ಹುಲಿಯೂರುದುರ್ಗದವರಿಗೆ ಇವೆರಡೂ ಸೇರದೆ ಅವರು ಕೋಟೆ ಮಾರ್ಕಿಗೆ ಜೋತುಬಿದ್ದಿದ್ದರು. ಹೀಗೆ ನಮ್ಮ ಜಿಲ್ಲೆ ಬಾಟ್ಲಿಯ ಲೆಕ್ಕದಲ್ಲಿ ಸಣ್ಣ ಸಣ್ಣ ಪಾಳೆಯಪಟ್ಟುಗಳಾಗಿ ಹಂಚಿಹೋಗಿತ್ತು.

ಮದುವೆಯಾದ ಹೊಸದರಲ್ಲಿ ಬೀಗರಿಬ್ಬರೂ ತಮಾಷೆಗೆ ಕಾಲೆಳೆಯುತ್ತಿದ್ದರು. ಬರಬರುತ್ತಾ ತಮಾಷೆ ಹೋಗಿ ಕಾಲೆಳೆಯುವುದು ಮಾತ್ರ ಉಳಿಯಿತು. ಇವನು ಅದನ್ನು ಕುದುರೆ ಗಂಜಲ ಎಂದ. ಅವರು ಇದನ್ನು ಗುಬ್ಬಿ ಹಿಕ್ಕೆ ಕದಡಿದ ನೀರು ಎಂದರು. ಇವನು ಅಂದದ್ದು ಅಲ್ಲಿಗೆ, ಅವರು ಅಂದದ್ದು ಇಲ್ಲಿಗೆ ಬಸ್ಸಿನಲ್ಲಿ ಬಂದು ಮುಟ್ಟುತ್ತಿತ್ತು. ಜನ ಎರಡು ಅಂಗಡಿಯ ಮುಂದೆಯೂ ನಿಂತು ಕೇಳಿ, ನಕ್ಕು, ಊರಿನ ಮಾನ ಉಳಿಸಲೆಂದು ಒಂದು ಬಾಟ್ಲಿ ಕೊಂಡು ಹೋಗುತ್ತಿದ್ದರು.

ಎಂಬತ್ತಮೂರನೇ ಇಸವಿಯಲ್ಲಿ ಗಂಗಲಕ್ಷ್ಮಿ ಬಸುರಿಯಾದಳು. ಏಳನೇ ತಿಂಗಳಲ್ಲಿ ಅಣ್ಣ, ಅತ್ತಿಗೆ ಲಕ್ಷ್ಮೀದೇವಮ್ಮ, ನಾನು ಹಸಿರು ಸೀರೆ, ಬಳೆ, ಚಿಗಳಿ, ತಂಬಿಟ್ಟು ಹೊತ್ತು ಅವಳನ್ನು ಹೆರಿಗೆಗೆ ಕರೆತರಲು ಕುಣಿಗಲ್‌ಗೆ ಹೋದೆವು. ಮಡಿಲು ತುಂಬಿತು, ಆರತಿಯಾಯಿತು, ಒಬ್ಬಟ್ಟಿನ ಊಟವಾಯಿತು. ಹೊರಡುವ ಹೊತ್ತಿಗೆ ಸಿದ್ದಗಂಗಯ್ಯನವರು ಒಂದು ರಟ್ಟಿನ ಪೆಟ್ಟಿಗೆ ತಂದು ಸೊಸೆಯ ಬ್ಯಾಗಿನ ಪಕ್ಕಕ್ಕಿಟ್ಟರು.

"ಏನು ಬೀಗ್ರೇ ಅದು?" ಅಣ್ಣ ಕೇಳಿದ.

"ನಮ್ ಕುದುರೆ ಮಾರ್ಕು. ಬಾಣಂತನ ಮುಗಿಯೋಗಂಟ ಆಯ್ತದೆ. ನಮ್ಮನೆ ಸೊಸೆ ಬಾಯಿಗೆ ಬ್ಯಾರೆ ಬಾಟ್ಲಿ ಸೋಕಬಾರ್ದು."

"ಗುಬ್ಬೀಲಿ, ನನ್ನ ಮನೇಲಿ, ನನ್ನ ಮಗಳು ಕುದುರೆ ಮಾರ್ಕು ಕುಡಿಯೋದಾ? ಆಮ್ಯಾಕೆ ನನ್ನ ಅಂಗಡಿ ಮುಂದೆ ನಾಯಿನಾದ್ರೂ ನಿಲ್ತದಾ?"

"ನನ್ನ ಸೊಸೆ ಗುಬ್ಬಿ ಮಾರ್ಕು ಕುಡುದ್ಲು ಅಂದ್ರೆ ನನ್ನ ಅಂಗಡಿ ಮುಂದೆ ನಿಲ್ತದಾ?"

"ಎರಡೂ ಬ್ಯಾಡ, ಮೆಣಸಿನ ಸಾರು ಕುಡೀಲಿ, ಬುಡ್ರಪ್ಪ" ಎಂದೆ ನಾನು.

ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿ, ಬಾಣಂತಿಗೆ ವೈನ್ ಕೊಡದಿರುವುದು ಎಂಥ ಪಾಪ ಎಂದು ಬುದ್ಧಿ ಹೇಳಿದರು. ಆ ದಿನ ಅವರು ಒಮ್ಮತಕ್ಕೆ ಬಂದದ್ದು ಅದೊಂದೇ ವಿಷಯದಲ್ಲಿ. ಪೆಟ್ಟಿಗೆ ಹೋಗದೆ ಸೊಸೆ ಹೋಗುವಂತಿಲ್ಲ ಎಂದರು ಅವರು. ಪೆಟ್ಟಿಗೆ ಬರುವುದಾದರೆ ಮಗಳೇ ಬೇಡ ಎಂದ ನಮ್ಮಣ್ಣ. ಗಂಡ ಅಂಜನಮೂರ್ತಿ ಒಮ್ಮೆ ಅಪ್ಪನ ಮುಖ, ಒಮ್ಮೆ ಮಾವನ ಮುಖ ನೋಡಿ ಕೊನೆಗೆ ಎಲೆಯಡಿಕೆ ತಟ್ಟೆ ನೋಡುತ್ತಾ ಕೂತ. ಮುಡಿದ ಹೂವು ಬಾಡುವ ಮುಂಚೆ ನಾವು ಬರಿಗೈಯಲ್ಲಿ ಬಸ್ಸು ಹತ್ತಿದೆವು. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವವರನ್ನು ಕೇಳಿದ್ದೆ. ಇವನು ಸ್ವಂತ ಮಗಳನ್ನೇ ತಳ್ಳಿದ. ಅತ್ತಿಗೆ ಗುಬ್ಬಿ ಬರುವವರೆಗೂ ಅತ್ತಳು.

ಅಳುವುದಕ್ಕೆ ಕಾರಣವಿತ್ತು. ಕುಣಿಗಲ್ಲಿನದು ಅತ್ತೆಯಿಲ್ಲದ ಮನೆ. ಮಾವ, ಗಂಡ, ಮೈದುನ, ಎಲ್ಲ ಗಂಡಸರೇ. ಹೆರಿಗೆ ನೋವು ಬಂದರೆ ಕೈ ಹಿಡಿಯುವವರಿಲ್ಲ, ಹೆತ್ತರೆ ಎಣ್ಣೆ ಹಚ್ಚಿ ನೀರು ಹಾಕುವವರಿಲ್ಲ. ಎಂಟನೇ ತಿಂಗಳಲ್ಲಿ ಬಸುರಿಯನ್ನು ಮನೆ ದಾಟಿಸುವುದಿಲ್ಲ. ಇನ್ನು ಉಳಿದದ್ದು ಒಂಬತ್ತು ಮಾತ್ರ. ನೋಡಲು ಹೋದ ನನ್ನನ್ನು ಆ ಹುಡುಗಿ ಹಿತ್ತಲಿಗೆ ಕರೆದುಕೊಂಡು ಹೋಗಿ ಕೈ ಹಿಡಿದುಕೊಂಡಳು.

"ಅತ್ತೆ, ನಂಗೆ ಹೆದರಿಕೆ ಆಯ್ತದೆ. ವೈನೂ ಬ್ಯಾಡ, ಗೀನೂ ಬ್ಯಾಡ. ನಮ್ಮವ್ವ ಪಕ್ಕದಲ್ಲಿದ್ರೆ ಸಾಕು."

ಅವಳ ಮಾವನಿಗೆ ಕೈ ಮುಗಿದೆ, ಬೈದೆ. ನಮ್ಮಣ್ಣನಿಗೂ ಬೈದೆ. ಇಬ್ಬರೂ ಊರಿನ ಮಾನದ ಮಾತಾಡಿದರು.

ಉಪ್ಪಾರಹಳ್ಳಿಯಲ್ಲಿ ನಮ್ಮ ಪಕ್ಕದ ಮನೆಯ ಮರಿಯಮ್ಮ ಅಂತರಸನಹಳ್ಳಿಯ ಯಾವುದೋ ಫ್ಯಾಕ್ಟರಿಗೆ ಹೋಗುತ್ತಿದ್ದಳು. ಗಂಗಲಕ್ಷ್ಮಿಗೆ ಒಂಬತ್ತು ಹಿಡಿದಿದ್ದಾಗ, ನವರಾತ್ರಿಯ ಒಂದು ಸಂಜೆ ಕೈಯ ಅಂಟು ಬಿಡಿಸಿಕೊಳ್ಳಲು ಬಿಸಿನೀರು ಕೇಳಿಕೊಂಡು ಬಂದಳು. ಅವಳ ಸೆರಗಿನಲ್ಲಿ ಎರಡು ಚೀಟಿ ಅಂಟಿಕೊಂಡಿದ್ದವು. ಒಂದು ಗುಬ್ಬಿ, ಒಂದು ಕುದುರೆ.

"ಇದೇನೇ ಮರಿಯಮ್ಮ, ಎರಡೂ ನಿನ್ನ ಸೆರಗಿಗೇ ಬಂದವೆ?"

"ಊಟಕ್ಕೆ ಮುಂಚೆ ಗುಬ್ಬಿ ಅಂಟಿಸಿದ್ವಿ ಅಕ್ಕ, ಊಟ ಆದ್ಮ್ಯಾಲೆ ಕುದುರೆ."

"ಮತ್ತೆ ವೈನು?"

"ಅದೇ ವೈನು. ಇರೋದು ಒಂದೇ ತೊಟ್ಟಿ, ಅದಕ್ಕೊಂದೇ ನಲ್ಲಿ. ನಾಡಿದ್ದು ಆಯುಧಪೂಜೆ, ನೀವೂ ಬನ್ನಿ, ಎಲ್ಲಾರ್ನೂ ಒಳಕ್ಕೆ ಬುಡ್ತಾರೆ."

ನನಗಾದ ಸಂತೋಷ ಇಷ್ಟಿಷ್ಟಲ್ಲ. ಕೂಡಲೇ ಗುಬ್ಬಿಗೂ ಕುಣಿಗಲ್‌ಗೂ ಹೇಳಿ ಕಳಿಸಿದೆ. ನಿಮ್ಮ ಕಂಪನಿಯಲ್ಲಿ ಆಯುಧಪೂಜೆ, ನಿಮ್ಮಂಥವರು ಬರಲೇಬೇಕು ಎಂದಷ್ಟೇ ಹೇಳಿಸಿದ್ದು. ಇನ್ನೊಬ್ಬರ ವಿಷಯ ಯಾರಿಗೂ ಹೇಳಿಸಲಿಲ್ಲ. ನಮ್ಮಣ್ಣ ಇಸ್ತ್ರಿ ಮಾಡಿದ ಪಂಚೆ, ಜರಿ ಶಲ್ಯದಲ್ಲಿ ಬಂದ. ಬೀಗರು ಹೊಸ ಸಫಾರಿ ಹೊಲಿಸಿಕೊಂಡೇ ಬಂದರು. ಗೇಟಿನಲ್ಲಿ ಒಬ್ಬರನ್ನೊಬ್ಬರು ಕಂಡು, ದಾರಿ ತಪ್ಪಿ ಬಂದಿದ್ದೀರಿ ಪಾಪ ಎಂಬಂತೆ ಮುಸಿಮುಸಿ ನಕ್ಕರು.

ಒಳಗೆ ಒಂದು ತೊಟ್ಟಿ, ಮನೆಯಷ್ಟು ಎತ್ತರದ್ದು. ಅದಕ್ಕೆ ಬಾಳೆಕಂದು ಕಟ್ಟಿ, ಚೆಂಡುಹೂವಿನ ಹಾರ ಹಾಕಿ, ಕುಂಕುಮ ಹಚ್ಚಿದ್ದರು. ತೊಟ್ಟಿಯ ಪಾದದಲ್ಲಿ, ಕಟ್ಟೆಯ ಮೇಲೆ ಸಾಲಾಗಿ ಗುಬ್ಬಿ, ಕುದುರೆ, ಕೋಟೆ, ನಾನು ಹೆಸರೂ ಕೇಳದ ಇನ್ನೊಂದಷ್ಟು ಬಾಟ್ಲಿಗಳು. ಒಂದೊಂದಕ್ಕೂ ಒಂದೊಂದು ಹೂವು. ಜನರಿಂದ ಏನು ಮುಚ್ಚಿಟ್ಟರೂ ಆಯುಧಪೂಜೆಯಲ್ಲಿ ಮುಚ್ಚಿಡಲಾಗುವುದಿಲ್ಲ. ಒಂದು ಬಾಟ್ಲಿಗೆ ಹೂವು ತಪ್ಪಿದರೆ ಆ ಊರಿನ ವ್ಯಾಪಾರ ಕೂತುಬಿಟ್ಟರೆ ಎಂಬ ಭಯ ಎಂಥ ಬುದ್ಧಿವಂತ ಕಂಪನಿಗೂ ಇರುತ್ತದೆ. ಬೊಂಬಾಯಿಯಿಂದ ಬಂದಿದ್ದ ಧಣಿಯೊಬ್ಬರು ಕತ್ತಿನಲ್ಲಿ ಹಾರ ಹಾಕಿಕೊಂಡು ನಿಂತಿದ್ದರು. ಬಾಟ್ಲಿಗಳನ್ನು ತೋರಿಸಿ, ಇವುಗಳಲ್ಲಿ ಏನು ವ್ಯತ್ಯಾಸ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಮ್ಯಾನೇಜರು ಚೀಟಿ ಎಂದ. ಧಣಿ ಮೆಚ್ಚಿ ತಲೆದೂಗಿದರು.

ಆ ಮ್ಯಾನೇಜರ್ ಯೋಗನರಸಿಂಹನನ್ನು ಕಂಡು ನಮ್ಮವರಿಬ್ಬರೂ ಏಕಕಾಲಕ್ಕೆ "ನಮ್ಮ ಕಂಪನಿಯವರು!" ಎಂದರು. ಗುಬ್ಬಿಗೆ ಬರುವಾಗ ಹಣೆ ತುಂಬ ವಿಭೂತಿ ಬಳಿದುಕೊಂಡು ‘ನಮ್ಮ ಗುಬ್ಬಿ’ ಎನ್ನುತ್ತಿದ್ದವನು, ಕುಣಿಗಲ್‌ಗೆ ಹೋಗುವಾಗ ಉದ್ದ ನಾಮ ಎಳೆದುಕೊಂಡು ‘ನಮ್ಮ ಕುಣಿಗಲ್’ ಎನ್ನುತ್ತಿದ್ದವನು, ಆವತ್ತು ಧಣಿಯ ಮುಂದೆ ಬರೀ ಹಣೆಯಲ್ಲಿದ್ದ. ಇಬ್ಬರನ್ನೂ ಜೋಡಿಯಾಗಿ ಕಂಡು ಅವನ ಮುಖ ಒಂದು ಗಳಿಗೆ ಹುಳ್ಳಗಾಯಿತು.

ಅಷ್ಟರಲ್ಲಿ ಗೇಟಿನ ವಾಚ್‌ಮನ್ ದ್ಯಾವಪ್ಪ ಪುರಿ, ಕಡಲೆ, ಬಾಳೆಹಣ್ಣು ಹಂಚುತ್ತಾ ಬಂದ. ಪೂಜೆಯ ದಿನವೆಂದು ತಲೆಗೆ ಪೇಟ ಸುತ್ತಿದ್ದ. ನರೆತ ಮೀಸೆ. ನಮ್ಮಣ್ಣ ಕೈಯೊಡ್ಡಿದವನು ಒಡ್ಡಿದಂತೆಯೇ ನಿಂತ. ಅವನ ಗಲ್ಲಾಪೆಟ್ಟಿಗೆಯ ಮೇಲೆ ನೇತಾಡುತ್ತಿದ್ದ ನಮ್ಮಜ್ಜಿಯ ಅಣ್ಣ ಅವನಿಗೆ ಪುರಿ ಹಾಕುತ್ತಿದ್ದ.

"ಅಜ್ಜಾ, ನಿಮ್ಮ ಫೋಟೋ ಬಾಟ್ಲಿ ಮ್ಯಾಲೆ..." ಎಂದು ತೊದಲಿದ.

"ಹೂಂ ಕಣಪ್ಪ, ಮ್ಯಾನೇಜರ್ ಸಾಹೇಬ್ರು ತೆಗುಸಿದ್ರು. ಪೇಟ ಸುತ್ತಿ ಒಂದು, ಪೇಟ ತೆಗೆದು ಗಡ್ಡ ಅಂಟಿಸಿ ಒಂದು. ಗಡ್ಡ ಬಾಳ ಕೆರೀತಿತ್ತು. ಒಂದು ಪಂಚೆ ಕೊಟ್ರು" ಎಂದು ದ್ಯಾವಪ್ಪ ಬೀಗರ ಕೈಗೂ ಪುರಿ ಹಾಕಿ ಮುಂದೆ ಹೋದ.

ನಗಬಾರದೆಂದುಕೊಂಡೆ, ಆಗಲಿಲ್ಲ. ಸೆರಗು ಬಾಯಿಗಿಟ್ಟುಕೊಂಡು ಗೋಡೆಯ ಕಡೆ ತಿರುಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ನಾಳೆಯೇ ಮಗು ತವರಿಗೆ ಬಂದಂತೆ ಎಂದುಕೊಂಡೆ. ಎರಡೂ ಒಂದೇ ಎಂದ ಮೇಲೆ ಜಗಳಕ್ಕೆ ಜಾಗವೆಲ್ಲಿ?

ಮ್ಯಾನೇಜರು ನಮ್ಮನ್ನು ಹಿಂದಿನ ರೂಮಿಗೆ ಕರೆದು ಕಾಫಿ ತರಿಸಿದ. ಇಬ್ಬರೂ ಮೈಮೇಲೆ ಬಂದವರಂತೆ ಕೂಗಾಡಿದರು. ಅವನು ಕೈಮುಗಿದು ಕೇಳಿಸಿಕೊಂಡ.

"ಸಾರ್, ಬೊಂಬಾಯಿ ಕಂಪನಿ ವೈನು ಅಂದ್ರೆ ಯಾರು ಕೊಳ್ತಾರೆ? ಅವರವರ ಊರು ಅವರವರಿಗೆ. ಇನ್ನೊಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೀವು ಬೀಗರಿಬ್ರೂ ಜಗಳ ಶುರು ಮಾಡಿದ ಮೇಲೆ ಎರಡೂ ಊರಲ್ಲಿ ವ್ಯಾಪಾರ ದುಪ್ಪಟ್ಟಾಗಿದೆ. ಸೊಸೇನ ತವರಿಗೆ ಕಳಿಸಲಿಲ್ಲ ಅಂತ ಸುದ್ದಿ ಆಯ್ತಲ್ಲ, ಆಮೇಲಂತೂ ಒದಗಿಸೋಕೆ ಆಗ್ತಿಲ್ಲ. ಧಣಿಗಳಿಗೆ ನಿಮ್ಮ ಹೆಸರು ಗೊತ್ತು."

ಕೂಗಾಟ ನಿಂತಿತು. ಧಣಿಗಳಿಗೆ ತಮ್ಮ ಹೆಸರು ಗೊತ್ತು ಎಂಬ ಮಾತು ಇಬ್ಬರ ಕಿವಿಯಲ್ಲೂ ಎಷ್ಟು ಇಂಪಾಗಿ ಇಳಿಯಿತೆಂದರೆ, ಅದನ್ನು ಅವರ ಮುಖದ ಮೇಲೇ ಓದಬಹುದಿತ್ತು.

ಹೊರಗೆ ಬಂದವರು ರಸ್ತೆ ಬದಿಯ ಹೋಟೆಲಿನಲ್ಲಿ ಮೊದಲ ಸಲ ಒಂದೇ ಬೆಂಚಿನ ಮೇಲೆ ಕೂತರು. ಇನ್ನೇನು ಕಳಿಸುವ ದಿನ ಗೊತ್ತು ಮಾಡುತ್ತಾರೆ ಎಂದು ನಾನು ಎದುರಿಗೆ ಕೂತೆ.

"ಬೀಗ್ರೇ, ಈ ವಿಷ್ಯ ನಮ್ಮಿಬ್ರಲ್ಲೇ ಇರ್ಲಿ" ಎಂದ ಅಣ್ಣ.

"ಮತ್ತೆ? ಊರಿಗೆ ಗೊತ್ತಾದ್ರೆ ಮುಖಕ್ಕೆ ಉಗೀತಾರೆ" ಎಂದರು ಬೀಗರು.

"ಹಂಗಾರೆ ಗಂಗಲಕ್ಷ್ಮಿ?" ಎಂದೆ ನಾನು.

ಅಣ್ಣ ಕಾಫಿ ಲೋಟ ತಿರುಗಿಸುತ್ತಾ ಅಂದ. "ಈಗ ಕಳಿಸಿಬಿಟ್ರೆ ರಾಜಿ ಆದ್ರು ಅಂತಾರೆ ಕಣೇ. ರಾಜಿ ಆದ್ರೆ ಯಾಕೆ ರಾಜಿ ಆದ್ರು ಅಂತ ಕೇಳ್ತಾರೆ. ಸದ್ಯಕ್ಕೆ ಹಿಂಗೇ ಇರ್ಲಿ. ಕುಣಿಗಲ್ಲಲ್ಲೂ ಆಸ್ಪತ್ರೆ ಐತೆ."

ಗೊತ್ತಿಲ್ಲದಾಗ ಮಗಳನ್ನು ತಡೆದದ್ದು ಮೂರ್ಖತನ. ಗೊತ್ತಾದ ಮೇಲೂ ತಡೆಯುವುದಕ್ಕೆ ಏನೆನ್ನಬೇಕು? ಬಾಯಿಗೆ ಬಂದದ್ದೆಲ್ಲ ಅಂದೆ. ಏನೆಂದೆ ಎಂದು ಇಲ್ಲಿ ಬರೆಯುವಂತಿಲ್ಲ, ಹೋಟೆಲಿನವನು ಒಲೆ ಬಿಟ್ಟು ಹೊರಗೆ ಬಂದು ನೋಡಿದ. ಹೋಗುವಾಗ ಇಬ್ಬರೂ ಬೇರೆ ಬೇರೆ ಬಸ್ಸು ಹತ್ತಿದರು, ನೋಡಿದವರಿಗೆ ಅನುಮಾನ ಬಾರದಿರಲೆಂದು.

ಬನ್ನಿ ಹಬ್ಬ ಕಳೆದ ಮಾರನೇ ದಿನವೇ ಕುಣಿಗಲ್ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತ ಹುಲಿಯೂರುದುರ್ಗದ ಹೆಂಗಸಿನ ಚೀಲದಲ್ಲಿ ಕೋಟೆ ಮಾರ್ಕಿನ ಬಾಟ್ಲಿ ಇಣುಕುತ್ತಿತ್ತು. ತಡೆಯಲಾರದೆ ಎಲ್ಲವನ್ನೂ ಅವಳಿಗೆ ಹೇಳಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿಮ್ದು ಯಾವೂರು? ಗುಬ್ಬಿಯಾ? ಹಂಗಾರೆ ಹಂಗೇ ಅಂತೀರಿ, ಬುಡಿ" ಎಂದು ಚೀಲವನ್ನು ಇನ್ನಷ್ಟು ಹತ್ತಿರಕ್ಕೆಳೆದುಕೊಂಡಳು. ಹೊರಗಿನವರು ಸತ್ಯ ಹೇಳಿದರೆ ಅದಕ್ಕೆ ಇಷ್ಟೇ ಬೆಲೆ.

ಗಂಗಲಕ್ಷ್ಮಿ ಗೋಡೆಗೊರಗಿ ಕೂತಿದ್ದಳು. ಕಾಲು ಊದಿದ್ದವು. ಗಂಡ ಅಂಗಡಿಗೆ ಹೋಗಿದ್ದ. ತೊಟ್ಟಿ, ದ್ಯಾವಪ್ಪ, ಹೋಟೆಲಿನ ಬೆಂಚು, ಎಲ್ಲವನ್ನೂ ಹೇಳಿದೆ. ದ್ಯಾವಪ್ಪನ ಗಡ್ಡದ ಮಾತಿಗೆ ನಕ್ಕಾಳು ಎಂದುಕೊಂಡಿದ್ದೆ. ನಗಲಿಲ್ಲ. ಒಂದೇ ಒಂದು ಪ್ರಶ್ನೆ ಕೇಳಿದಳು.

"ನಮ್ಮಪ್ಪನೂ ಹಂಗೇ ಅಂದ್ನಾ ಅತ್ತೆ?"

"ಅಂದ ಮಗಾ."

ಗೋಡೆ ಹಿಡಿದು ಎದ್ದಳು. ಏಳನೇ ತಿಂಗಳಲ್ಲಿ ಕಟ್ಟಿಟ್ಟ ಬ್ಯಾಗು ಹಾಗೇ ಇತ್ತು, ಅದನ್ನು ನನ್ನ ಕೈಗೆ ಕೊಟ್ಟಳು. ಚಪ್ಪಲಿ ಮೆಟ್ಟಿ ನಡೆಯತೊಡಗಿದಳು, ನಾನು ಹಿಂದೆ.

ಅಂಗಡಿಯ ಮುಂದೆ ಒಳ್ಳೇ ಜನ. ಸಿದ್ದಗಂಗಯ್ಯನವರು ಬಾಟ್ಲಿ ಎತ್ತಿಹಿಡಿದು, ಗುಬ್ಬಿ ಮಾರ್ಕು ಕುಡಿದ ಬಾಣಂತಿಯರ ಎದೆಹಾಲು ಹೇಗೆ ಬತ್ತುತ್ತದೆ ಎಂದು ವಿವರಿಸುತ್ತಿದ್ದರು. ಅಂಜನಮೂರ್ತಿ ಪಕ್ಕದಲ್ಲಿ ಪೊಟ್ಟಣ ಕಟ್ಟುತ್ತಿದ್ದ. ತುಂಬು ಬಸುರಿ ನಡುಬೀದಿಯಲ್ಲಿ ಬಂದು ನಿಂತದ್ದನ್ನು ಕಂಡು ಜನ ದಾರಿ ಬಿಟ್ಟರು. ಅವಳು ಗಲ್ಲಾಪೆಟ್ಟಿಗೆಗೆ ಬಾಗಿ ಮಾವನಿಗೆ ಮಾತ್ರ ಕೇಳುವಷ್ಟು ದನಿಯಲ್ಲಿ ಹೇಳಿದಳು. ಪಕ್ಕದಲ್ಲಿದ್ದ ನನಗೂ ಕೇಳಿಸಿತು.

"ಮಾವ, ಅಂತರಸನಹಳ್ಳೀಲಿ ಏನು ನೋಡ್ಕೊಂಡ್ ಬಂದ್ರಿ ಅಂತ ಅತ್ತೆ ಹೇಳುದ್ರು. ನಾನು ಗುಬ್ಬಿ ಬಸ್ಸು ಹತ್ಲಾ? ಇಲ್ಲಾ ಇಲ್ಲೇ ನಿಂತು ಇವರ್ಗೆಲ್ಲಾ ಹೇಳ್ಲಾ?"

ನಾನು ಹೇಳಿದರೆ ಯಾರೂ ನಂಬುತ್ತಿರಲಿಲ್ಲ. ಅವರ ಮನೆಯ ಸೊಸೆ, ಅವರ ಅಂಗಡಿಯ ಮುಂದೆಯೇ ನಿಂತು ಹೇಳಿದರೆ ನಂಬದವರು ಯಾರು? ಸಿದ್ದಗಂಗಯ್ಯನವರ ಕೈಯ ಬಾಟ್ಲಿ ಮೆಲ್ಲಗೆ ಕೆಳಗಿಳಿಯಿತು. ಜನರ ಕಡೆ ತಿರುಗಿ ಹಲ್ಲು ಕಿರಿದರು.

"ಹೆಣ್ಣುಮಗು, ತಾಯಿ ನೆನಪಾಗ್ಯದೆ. ನಾವೇನು ಕಟುಕರಾ? ಜಗಳ ಜಗಳವೇ, ಹೆರಿಗೆ ಹೆರಿಗೇನೇ. ಏಯ್ ಅಂಜನ, ಬ್ಯಾಗ್ ಇಸ್ಕೊಳ್ಳಲಾ!"

ಜನ ಭಲೇ ದೊಡ್ಡ ಮನಸ್ಸು ಎಂದರು. ಇಬ್ಬರು ಅಲ್ಲೇ ಒಂದೊಂದು ಕುದುರೆ ಮಾರ್ಕು ಕೊಂಡರು. ಮಾವನೇ ಬಸ್ ಸ್ಟಾಂಡಿಗೆ ಬಂದು ಕಿಟಕಿ ಪಕ್ಕದ ಸೀಟಿಗೆ ಟವೆಲ್ ಹಾಕಿ ಕೂರಿಸಿದರು. ಬಸ್ಸು ಹೊರಡುವಾಗ ಕಿಟಕಿಯ ಕಂಬಿ ಹಿಡಿದು, "ಯಾರ್ಗೂ ಹೇಳಲ್ಲ ತಾನೆ, ಮಗಾ?" ಎಂದರು.

"ನಾನೇ ಬರ್ತೀನಿ ಅನ್ನೋಗಂಟ ಕರೆಯೋಕೆ ಬರ್ಬ್ಯಾಡಿ ಮಾವ. ಬರ್ದಿದ್ರೆ ಹೇಳಲ್ಲ."

ತುಮಕೂರಿನಲ್ಲಿ ಬಸ್ಸು ಬದಲಿಸಿ ಗುಬ್ಬಿ ಮುಟ್ಟುವಾಗ ಮಧ್ಯಾಹ್ನ ಇಳಿದಿತ್ತು. ದೂರದಿಂದಲೇ ನಮ್ಮನ್ನು ಕಂಡ ಅಣ್ಣ ಗಿರಾಕಿಗಳಿಗೆ ಕೇಳುವಂತೆ ದನಿಯೆತ್ತಿದ. "ಯಾರ ಅಪ್ಪಣೆ ತಗೊಂಡು ಬಂದೆ? ಆ ಕುದುರೆ ಮಾರ್ಕಿನೋರು..."

"ಅಪ್ಪ, ದ್ಯಾವಪ್ಪಜ್ಜ ನಿನ್ನ ಕೇಳುದ್ರಂತೆ" ಎಂದಳು ಗಂಗಲಕ್ಷ್ಮಿ, ಸಣ್ಣಗೆ.

ಅಣ್ಣ ಅಂಗಡಿಯಿಂದ ಇಳಿದ ರಭಸಕ್ಕೆ ಹಿಪ್ಪಲಿಯ ಡಬ್ಬ ಉರುಳಿತು. ಬ್ಯಾಗು ಇಸಿದುಕೊಂಡು, "ಬಾ ಮಗಾ, ಬಾ, ಬಿಸಿಲು" ಎಂದ. ಇಪ್ಪತ್ತೆರಡು ವರ್ಷ ಎದೆಯ ಮೇಲೆ ಆಡಿಸಿದ ಮಗಳ ಮುಖ ನೋಡಲು ಅವನಿಗಾಗಲಿಲ್ಲ. ಅವಳೂ ನೋಡಲಿಲ್ಲ. ಕುಣಿಗಲ್ಲಿನಿಂದ ಬರುವ ದಾರಿಯುದ್ದಕ್ಕೂ ನನಗೆ ಗೆದ್ದ ಖುಷಿಯಿತ್ತು. ಆಗ ಅದೆಲ್ಲ ಇಳಿದುಹೋಯಿತು. ಹೆತ್ತ ತಾಯಿಯ ಹತ್ತಿರ ಬರಲು ಒಂದು ಹೆಣ್ಣುಮಗು ಹೆತ್ತಪ್ಪನನ್ನೇ ಹೆದರಿಸಬೇಕಾಯಿತಲ್ಲ!

ಅತ್ತಿಗೆ ಓಡಿ ಬಂದು ಮಗಳನ್ನು ತಬ್ಬಿಕೊಂಡಳು. ದೃಷ್ಟಿ ತೆಗೆದಳು, ಒಳಗೆ ಕರೆದಳು, ಊದಿದ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಬಿಸಿ ಎಣ್ಣೆ ತಿಕ್ಕತೊಡಗಿದಳು. ತಿಕ್ಕುತ್ತಾ ತಿಕ್ಕುತ್ತಾ ಕೇಳಿದಳು.

"ಹೆಂಗೇ ಒಪ್ಪುದ್ರು ಇಬ್ರೂ? ಯಾವ ದೇವ್ರು ಬುದ್ಧಿ ಕೊಟ್ಟ?"

ಗಂಗಲಕ್ಷ್ಮಿ ನನ್ನ ಕಡೆ ಒಮ್ಮೆ ನೋಡಿ ಕಣ್ಣು ಮುಚ್ಚಿಕೊಂಡಳು.

"ಕೇಳ್ಬ್ಯಾಡ ಕಣವ್ವ. ನಿಂಗೆ ಹೇಳುದ್ರೆ ನೀನು ಸುಮ್ನಿರಲ್ಲ, ಊರಿಗೆಲ್ಲಾ ಗೊತ್ತಾಯ್ತದೆ. ಊರಿಗೆ ಗೊತ್ತಾಗಿಬುಟ್ರೆ ಆಮ್ಯಾಕೆ ಇವರಿಗೆ ನನ್ನ ಕಂಡ್ರೆ ಯಾವ ಭಯ ಇರ್ತದೆ? ನನ್ನ ಇಲ್ಲಿ ಇರಾಕೆ ಯಾಕೆ ಬುಡ್ತಾರೆ?"